ಕೃತಕ ಬುದ್ಧಿಮತ್ತೆ ಕೊಟ್ಟ ಮಾತು ಉಳಿಸಿಕೊಂಡಿದೆಯೇ? ತಪಾಸಣೆಯ ಹೊರೆಯ ಬಗ್ಗೆ ಒಂದು ಚರ್ಚೆ

ತಂತ್ರಾಂಶ ಪರೀಕ್ಷಕ (ಚರ್ಚೆಯ ಆರಂಭ)

ಎಲ್ಲರಿಗೂ ನಮಸ್ಕಾರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದ ಮೇಲೆ ನಮ್ಮ ವೃತ್ತಿಯಲ್ಲಿ ಕೋಡ್ ಬರೆಯುವ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ಬರೆದದ್ದು ಸರಿಯಾಗಿದೆ ಎಂದು ಒಪ್ಪಿಗೆ ಕೊಡುವ ವೇಗ ಮಾತ್ರ ಹೆಚ್ಚಿಲ್ಲ. ಕೃತಕ ಬುದ್ಧಿಮತ್ತೆ ನಿರೀಕ್ಷೆಯ ಮಟ್ಟಕ್ಕೆ ಬಂದಿದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಈ ಎರಡು ವೇಗಗಳ ನಡುವಿನ ಅಂತರದಲ್ಲಿ ಹುಡುಕಬೇಕು ಎಂಬುದು ನನ್ನ ವಾದ. ಅದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ಸಾಲದ ಕಂತು ಯಾವ ದಿನಾಂಕಕ್ಕೆ ಬೀಳುತ್ತದೆ ಎಂದು ಲೆಕ್ಕ ಹಾಕುವ ಒಂದು ಚಿಕ್ಕ ಫಂಕ್ಷನ್ (ಕೋಡಿನ ತುಣುಕು) ಇತ್ತೀಚೆಗೆ ನನ್ನ ಬಳಿ ತಪಾಸಣೆಗೆ ಬಂತು. ಕೋಡನ್ನೂ ಅದರ ಟೆಸ್ಟ್‌ಗಳನ್ನೂ ಒಂದೇ ಎಐ (ಕೃತಕ ಬುದ್ಧಿಮತ್ತೆ) ಸಾಧನ ಬರೆದುಕೊಟ್ಟಿತ್ತು, ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಆದರೆ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಆ ಫಂಕ್ಷನ್ ಮಾರ್ಚ್ 3 ಎಂದು ಉತ್ತರ ಕೊಡುತ್ತಿತ್ತು. ಫೆಬ್ರವರಿ 31 ಎಂಬ ಇಲ್ಲದ ದಿನವನ್ನು ಹುಡುಕುತ್ತ ಅದು ಮುಂದಿನ ತಿಂಗಳಿಗೆ ದಾಟಿಬಿಟ್ಟಿತ್ತು. ಕಂತು ಬೀಳಬೇಕಾದದ್ದು ಫೆಬ್ರವರಿಯ ಕೊನೆಯ ದಿನ. ಟೆಸ್ಟ್ ಫೈಲನ್ನು ತೆರೆದು ನೋಡಿದರೆ, ಬರಬೇಕಾದ ಉತ್ತರ ಎಂದು ಅಲ್ಲಿ ಬರೆದಿದ್ದದ್ದೂ ಮಾರ್ಚ್ 3 ಎಂದೇ. ಬರೆದವರ ತಪ್ಪು ತಿಳಿವಳಿಕೆಯೇ ತಪಾಸಣೆ ಮಾಡುವವರಲ್ಲೂ ಇದ್ದರೆ ಅಲ್ಲಿ ತಪಾಸಣೆ ನಡೆದೇ ಇಲ್ಲ ಎಂದು ಅರ್ಥ. ಇನ್ನೂ ಕಳವಳದ ಸಂಗತಿಯೆಂದರೆ, ಕೋಡ್ ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಹೊಸಬರು ಬರೆದ ಕೋಡಿನಲ್ಲಿ ತಪ್ಪಿರುವ ಕಡೆ ತಡವರಿಸಿದ ಗುರುತು ಸಾಮಾನ್ಯವಾಗಿ ಕಾಣುತ್ತದೆ, ನಮ್ಮ ಕಣ್ಣು ಅಲ್ಲಿಗೇ ಹೋಗುತ್ತದೆ. ಇಲ್ಲಿ ಸರಿಯಾದ ಸಾಲಿಗೂ ತಪ್ಪು ಸಾಲಿಗೂ ಒಂದೇ ಆತ್ಮವಿಶ್ವಾಸವಿತ್ತು.

ಇದು ನನ್ನೊಬ್ಬನ ಅನಿಸಿಕೆಯಲ್ಲ. 2025ರ ಜುಲೈನಲ್ಲಿ ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ ಒಂದು ಅಧ್ಯಯನವನ್ನು ಪ್ರಕಟಿಸಿತು. ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಪಳಗಿದ 16 ಮಂದಿ, ತಮಗೆ ಚೆನ್ನಾಗಿ ಪರಿಚಯವಿದ್ದ ಕೋಡಿನಲ್ಲೇ 246 ಕೆಲಸಗಳನ್ನು ಮಾಡಿದರು. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಎಐ ಬಳಸಿದರೆ ಸಮಯ ಶೇ 24ರಷ್ಟು ಉಳಿಯುತ್ತದೆ ಎಂದು ಅವರು ಮೊದಲೇ ಅಂದಾಜಿಸಿದ್ದರು. ಕೆಲಸ ಮುಗಿದ ಮೇಲೂ ಶೇ 20ರಷ್ಟು ಉಳಿದಿದೆ ಎಂದೇ ನಂಬಿದ್ದರು. ಗಡಿಯಾರ ತೋರಿಸಿದ್ದು ಬೇರೆ: ಎಐ ಬಳಸಿದ ಕೆಲಸಗಳಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಅಧ್ಯಯನ ಚಿಕ್ಕದು, ಸಾಧನಗಳು ಆಮೇಲೆ ಸುಧಾರಿಸಿವೆ, ಪರಿಚಯವಿಲ್ಲದ ಕೋಡಿನಲ್ಲಿ ಫಲಿತಾಂಶ ಬೇರೆಯಾಗಬಹುದು ಎಂಬುದನ್ನೆಲ್ಲ ಒಪ್ಪುತ್ತೇನೆ. ಆದರೂ ನುರಿತವರಿಗೇ ತಮ್ಮ ಸಮಯ ಎಲ್ಲಿ ಸೋರಿತು ಎಂದು ತಿಳಿಯಲಿಲ್ಲ ಎಂಬ ಅಂಶ ನನ್ನನ್ನು ಕಾಡುತ್ತದೆ. ಬರೆಯುವಾಗ ಉಳಿದ ಸಮಯ ಎದ್ದು ಕಾಣುತ್ತದೆ. ಓದಿ, ತಿದ್ದಿ, ಮತ್ತೆ ಕೇಳಿ, ಮತ್ತೆ ಓದಿದ ಸಮಯ ಲೆಕ್ಕಕ್ಕೇ ಸಿಗುವುದಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ಇದು. ಉತ್ತರ ಸರಿಯೋ ತಪ್ಪೋ ಎಂದು ಸುಲಭವಾಗಿ ನೋಡಬಹುದಾದ ಕಡೆ ಮಾತ್ರ ಎಐ ಮಾತು ಉಳಿಸಿಕೊಂಡಿದೆಯೇ, ಅಥವಾ ನಾನು ನನ್ನ ವೃತ್ತಿಯ ಕಿಟಕಿಯಿಂದಷ್ಟೇ ನೋಡುತ್ತಿದ್ದೇನೆಯೇ? ಬೇರೆ ಕ್ಷೇತ್ರದವರು ದಯವಿಟ್ಟು ಬರೆಯಿರಿ.

ಜೀವವಿಜ್ಞಾನ ಸಂಶೋಧಕಿ

ಪರೀಕ್ಷಕರ ವಾದಕ್ಕೆ ನನ್ನ ಕ್ಷೇತ್ರ ಬಹುಮಟ್ಟಿಗೆ ಸಾಕ್ಷಿಯಾಗಿದೆ, ಆದರೆ ನಾನು ಒಳ್ಳೆಯ ಸುದ್ದಿಯ ಕಡೆಯಿಂದ ಮಾತನಾಡುತ್ತೇನೆ. ಒಂದು ಪ್ರೋಟೀನಿನ ಆಕಾರವನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿಯಲು ಅದನ್ನು ಶುದ್ಧೀಕರಿಸಿ, ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ ಲೆಕ್ಕ ಹಾಕಬೇಕಾಗುತ್ತಿತ್ತು; ಹರಳುಗಟ್ಟಲು ಒಪ್ಪದ ಪ್ರೋಟೀನಿನ ಹಿಂದೆ ವರ್ಷಗಟ್ಟಲೆ ಅಲೆದ ವಿದ್ಯಾರ್ಥಿಗಳು ಪ್ರತಿ ಪ್ರಯೋಗಾಲಯದಲ್ಲೂ ಇದ್ದಾರೆ. 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಸುಮಾರು ಅರ್ಧ ಶತಮಾನದ ದುಡಿಮೆಯಿಂದ ಸೇರಿದ ರಚನೆಗಳು ಎರಡು ಲಕ್ಷದ ಆಸುಪಾಸಿನಲ್ಲಿದ್ದವು. 2020ರ ಸಿಎಎಸ್‌ಪಿ ಎಂಬ ಪ್ರೋಟೀನ್ ರಚನೆ ಅಂದಾಜಿಸುವ ಸ್ಪರ್ಧೆಯಲ್ಲಿ ಗೆದ್ದ ಎಐ ಸಾಧನ ಆಲ್ಫಾಫೋಲ್ಡ್, 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಅಂದಾಜು ರಚನೆಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. 2024ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ಇದೇ ಕೆಲಸಕ್ಕಾಗಿ ಸಂದಿತು. ಉಳಿದರ್ಧ, ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರದು. ನಿರೀಕ್ಷೆ ಈಡೇರಿತೇ ಎಂದು ನನ್ನನ್ನು ಕೇಳಿದರೆ, ಇಲ್ಲಿ ನಿರೀಕ್ಷೆಯನ್ನು ಮೀರಿತು ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ಇದು ಸಾಧ್ಯವಾದದ್ದು ಹೇಗೆ ಎಂಬುದನ್ನೂ ಗಮನಿಸಬೇಕು. ಸಿಎಎಸ್‌ಪಿ ಸ್ಪರ್ಧೆ 1994ರಿಂದ ಎರಡು ವರ್ಷಕ್ಕೊಮ್ಮೆ ನಡೆದುಬಂದಿದೆ. ಪ್ರಯೋಗದಿಂದ ರಚನೆ ತಿಳಿದಿದ್ದರೂ ಇನ್ನೂ ಪ್ರಕಟವಾಗದ ಪ್ರೋಟೀನುಗಳನ್ನೇ ಅಲ್ಲಿ ಪರೀಕ್ಷೆಗೆ ಕೊಡುತ್ತಾರೆ. ಉತ್ತರಪತ್ರಿಕೆ ಬೇರೆಯವರ ಕೈಯಲ್ಲಿ ಇರುವುದರಿಂದ ಯಾರೂ ತಮ್ಮ ಫಲಿತಾಂಶವನ್ನು ತಾವೇ ಹೊಗಳಿಕೊಳ್ಳುವಂತಿಲ್ಲ. ಇದಕ್ಕಿಂತ ನಾನು ಹೆಚ್ಚು ಮೆಚ್ಚುವ ಗುಣ ಇನ್ನೊಂದಿದೆ. ಆಲ್ಫಾಫೋಲ್ಡ್ ರಚನೆಯನ್ನು ಕೊಡುವಾಗ ಅದರ ಪ್ರತಿಯೊಂದು ಅಮೈನೋ ಆಮ್ಲಕ್ಕೂ 0ಯಿಂದ 100ರವರೆಗಿನ ಒಂದು ವಿಶ್ವಾಸದ ಅಂಕವನ್ನು ಕೊಡುತ್ತದೆ. ಪರದೆಯ ಮೇಲೆ ಗಾಢ ನೀಲಿ ಬಣ್ಣದ ಭಾಗವನ್ನು ನಂಬಿ ಮುಂದುವರಿಯಬಹುದು. ಕಿತ್ತಳೆ ಬಣ್ಣದಲ್ಲಿ ದಾರದಂತೆ ಜೋತುಬಿದ್ದ ಭಾಗ ಕಂಡರೆ ಅಲ್ಲಿ ಸಾಧನಕ್ಕೇ ಭರವಸೆಯಿಲ್ಲ ಎಂದು ನಮಗೆ ಕೂಡಲೇ ತಿಳಿಯುತ್ತದೆ. ಒಂದೇ ಒಂದು ಅಮೈನೋ ಆಮ್ಲ ಬದಲಾದಾಗ ರಚನೆ ಕುಸಿಯುತ್ತದೆಯೇ ಎಂಬಂತಹ ಪ್ರಶ್ನೆಗಳಲ್ಲಿ ಅದು ಇಂದಿಗೂ ದುರ್ಬಲವಾಗಿದೆ, ಹಾಗಾಗಿ ನಮ್ಮ ಪ್ರಯೋಗಾಲಯಗಳು ಮುಚ್ಚಿಲ್ಲ. ಎಲ್ಲಿಂದ ಪ್ರಯೋಗ ಆರಂಭಿಸಬೇಕು ಎಂಬುದು ಬದಲಾಗಿದೆ.

ಗ್ರಂಥಪಾಲಕಿ

ಸಂಶೋಧಕಿಯವರು ಹೇಳಿದ ಆ ವಿಶ್ವಾಸದ ಅಂಕ ನಮ್ಮ ಕಡೆಗೆ ಬರುವ ಉತ್ತರಗಳಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ವಿದ್ಯಾರ್ಥಿಗಳು ಲೇಖನಗಳ ಪಟ್ಟಿ ಹಿಡಿದು ಬರುತ್ತಾರೆ. ಲೇಖಕರ ಹೆಸರು, ನಿಯತಕಾಲಿಕೆ, ಸಂಪುಟ, ಸಂಚಿಕೆ, ಪುಟ ಸಂಖ್ಯೆ, ವರ್ಷ, ಎಲ್ಲವೂ ಅದರಲ್ಲಿ ಇರುತ್ತವೆ. ನಿಯತಕಾಲಿಕೆ ನಿಜವಾದದ್ದು, ಆ ವರ್ಷ ಆ ಸಂಪುಟ ಬಂದದ್ದೂ ನಿಜ. ಸಂಪುಟವನ್ನು ತೆಗೆದು ಆ ಪುಟಕ್ಕೆ ಹೋದರೆ ಅಲ್ಲಿರುವುದು ಬೇರೆ ಯಾವುದೋ ಲೇಖನದ ನಡುಭಾಗ. ಲೇಖಕರು ಆ ವಿಷಯದಲ್ಲಿ ಕೆಲಸ ಮಾಡಿದವರೇ ಆಗಿರುತ್ತಾರೆ, ಆದರೆ ಆ ಹೆಸರಿನ ಲೇಖನವನ್ನು ಅವರು ಬರೆದೇ ಇರುವುದಿಲ್ಲ. ಒಂದು ಲೇಖನ ಇದೆ ಎಂದು ತೋರಿಸಲು ನನಗೆ ಎರಡು ನಿಮಿಷ ಸಾಕು. ಇಲ್ಲ ಎಂದು ಖಚಿತಪಡಿಸಲು ಸೂಚಿಗಳನ್ನು, ಹಿಂದುಮುಂದಿನ ಸಂಚಿಕೆಗಳನ್ನು, ಲೇಖಕರ ಇತರ ಕೃತಿಗಳನ್ನು ಎಲ್ಲ ಜಾಲಾಡಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಸುಳ್ಳನ್ನು ಹುಟ್ಟಿಸಲು ಸಾಧನಕ್ಕೆ ಕ್ಷಣ ಸಾಕು, ಆ ಅರ್ಧ ದಿನದ ಖರ್ಚು ಸಾಧನವನ್ನು ಮಾರಿದವರ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ನ್ಯಾಯಾಲಯಗಳಲ್ಲಿಯೂ ಇದೇ ನಡೆದಿದೆ. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯದಲ್ಲಿ, ಒಂದು ವಿಮಾನಯಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ, ಚಾಟ್‌ಜಿಪಿಟಿ ಹುಟ್ಟುಹಾಕಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಆ ತೀರ್ಪುಗಳು ನಿಜವೇ ಎಂದು ವಕೀಲರು ಅದೇ ಸಾಧನವನ್ನು ಕೇಳಿದ್ದರು, ಅದು ನಿಜವೆಂದೇ ಹೇಳಿತ್ತು. ಪರೀಕ್ಷಕರು ಹೇಳಿದ ಮಾರ್ಚ್ 3ರ ಕಥೆಯೂ ಇದೂ ಒಂದೇ ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಕಾರಣ ಏನೆಂಬುದು ಈಗ ಸಾಕಷ್ಟು ಸ್ಪಷ್ಟವಾಗಿದೆ. ಇಂತಹ ಸಾಧನಗಳ ಹಿಂದಿರುವ ಭಾಷಾ ಮಾದರಿ ಮುಂದೆ ಬರಬಹುದಾದ ಪದವನ್ನು ಅಂದಾಜಿಸಲು ಕಲಿತದ್ದು. ಉಲ್ಲೇಖವೊಂದರ ರೂಪ ಹೇಗಿರುತ್ತದೆ ಎಂಬುದನ್ನು ಅದು ಲಕ್ಷಾಂತರ ಸಲ ಕಂಡಿರುತ್ತದೆ. ನಿರ್ದಿಷ್ಟವಾದ ಒಂದು ಲೇಖನವನ್ನು ಎಲ್ಲೋ ಒಮ್ಮೆ ಕಂಡಿರಬಹುದು, ಕಾಣದೆಯೂ ಇರಬಹುದು. ರೂಪ ಗಟ್ಟಿಯಾಗಿ ಉಳಿಯುತ್ತದೆ, ವಿವರ ಜಾರಿಹೋಗುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ (ಚಾಟ್‌ಜಿಪಿಟಿಯನ್ನು ತಯಾರಿಸಿದ ಕಂಪನಿ) ಸಂಶೋಧಕರೇ ಒಂದು ಪ್ರಬಂಧದಲ್ಲಿ ಇನ್ನೊಂದು ಕಾರಣವನ್ನು ಮುಂದಿಟ್ಟರು: ಮಾದರಿಗಳನ್ನು ಅಳೆಯುವ ಬಹುತೇಕ ಪರೀಕ್ಷೆಗಳಲ್ಲಿ ‘ಗೊತ್ತಿಲ್ಲ’ ಎಂದರೆ ಸೊನ್ನೆ ಅಂಕ, ಊಹಿಸಿ ಹೇಳಿದರೆ ಅಂಕ ಸಿಗುವ ಸಾಧ್ಯತೆಯಾದರೂ ಇದೆ. ಹಾಗಾಗಿ ಊಹಿಸುವ ಮಾದರಿಯೇ ಪಟ್ಟಿಯಲ್ಲಿ ಮೇಲೇರುತ್ತದೆ. ಗೊತ್ತಿಲ್ಲ ಎನ್ನುವವರಿಗೆ ಬೆಲೆ ಕೊಡದ ಅಳತೆಗೋಲನ್ನು ನಾವೇ ಇಟ್ಟುಕೊಂಡಿದ್ದೇವೆ.

ಹವಾಮಾನ ಆಸಕ್ತ

ಚಿಕ್ಕದೊಂದು ಸೇರ್ಪಡೆ. ಹವಾಮಾನ ಮುನ್ಸೂಚನೆಗಿಂತ ಪ್ರಾಮಾಣಿಕವಾದ ಪರೀಕ್ಷೆ ಮತ್ತೊಂದಿಲ್ಲ. ಇಂದು ಹೇಳಿದ್ದು ಸರಿಯೋ ತಪ್ಪೋ ಎಂದು ಕೆಲವೇ ದಿನಗಳಲ್ಲಿ ಆಕಾಶವೇ ತೋರಿಸುತ್ತದೆ. ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರವು 2025ರ ಫೆಬ್ರವರಿಯಿಂದ ತನ್ನ ಎಐ ಮಾದರಿಯನ್ನು ಭೌತಶಾಸ್ತ್ರ ಆಧಾರಿತ ಮಾದರಿಯ ಜೊತೆಜೊತೆಗೆ ದಿನನಿತ್ಯದ ಬಳಕೆಗೆ ತಂದಿದೆ. ಹಲವು ಅಳತೆಗಳಲ್ಲಿ ಅದು ಹಳೆಯದನ್ನು ಮೀರಿಸಿದೆ, ಲೆಕ್ಕ ಹಾಕಲು ತಗಲುವ ವಿದ್ಯುತ್ತೂ ಬಹಳ ಕಡಿಮೆ. ಆದರೆ ಅದು ಕಲಿತ ದತ್ತಾಂಶವನ್ನು ಸಿದ್ಧಪಡಿಸಿದ್ದು ದಶಕಗಳ ವೀಕ್ಷಣೆ ಮತ್ತು ಆ ಹಳೆಯ ಭೌತಶಾಸ್ತ್ರದ ಮಾದರಿಗಳೇ. ಹಳೆಯದನ್ನು ಕಿತ್ತುಹಾಕಿ ಹೊಸದನ್ನು ಕೂರಿಸಿದರು ಎಂದು ಯಾರೂ ತಿಳಿಯಬಾರದು.

ಅರ್ಥಶಾಸ್ತ್ರ ವಿದ್ಯಾರ್ಥಿ

ನಿರೀಕ್ಷೆ ಎಂಬುದನ್ನು ಯಾರು ಹುಟ್ಟಿಸಿದರು ಎಂದು ಕೇಳದೆ ಅದು ಈಡೇರಿತೇ ಎಂದು ಕೇಳುವುದು ಸರಿಯಲ್ಲ ಎಂದು ನನಗೆ ತೋರುತ್ತದೆ. 1956ರ ಡಾರ್ಟ್‌ಮತ್ ಕಮ್ಮಟದ (ಈ ಕ್ಷೇತ್ರಕ್ಕೆ ಹೆಸರು ಕೊಟ್ಟ ಸಭೆ) ಪ್ರಸ್ತಾವದಲ್ಲಿಯೇ, ಆಯ್ದ ವಿಜ್ಞಾನಿಗಳ ಗುಂಪೊಂದು ಒಂದು ಬೇಸಿಗೆ ಒಟ್ಟಿಗೆ ಕುಳಿತರೆ ಗಮನಾರ್ಹ ಪ್ರಗತಿ ಸಾಧ್ಯ ಎಂದು ಬರೆದಿದ್ದರು. ಮನುಷ್ಯ ಮಾಡಬಲ್ಲ ಯಾವ ಕೆಲಸವನ್ನಾದರೂ 20 ವರ್ಷಗಳಲ್ಲಿ ಯಂತ್ರಗಳು ಮಾಡುತ್ತವೆ ಎಂದು ಎಐ ಸಂಶೋಧಕ ಹರ್ಬರ್ಟ್ ಸೈಮನ್ 1965ರಲ್ಲಿ ಹೇಳಿದರು. 1973ರಲ್ಲಿ ಬ್ರಿಟನ್ನಿನ ಲೈಟ್‌ಹಿಲ್ ವರದಿ ಎಐ ಸಂಶೋಧನೆಯನ್ನು ಟೀಕಿಸಿದ ಮೇಲೆ ಅಲ್ಲಿ ಅದಕ್ಕೆ ಹಣಕಾಸು ಬತ್ತಿತು. 2011ರಲ್ಲಿ ಟಿವಿಯ ರಸಪ್ರಶ್ನೆಯಲ್ಲಿ ಗೆದ್ದ ಐಬಿಎಂನ ವಾಟ್ಸನ್ ಕ್ಯಾನ್ಸರ್ ಚಿಕಿತ್ಸೆಯನ್ನೇ ಬದಲಿಸುತ್ತದೆ ಎಂಬ ಮಾತು ದೊಡ್ಡದಾಗಿ ಕೇಳಿಬಂದಿತ್ತು. 2022ರಲ್ಲಿ ಆ ಆರೋಗ್ಯ ವಿಭಾಗದ ಆಸ್ತಿಗಳನ್ನು ಕಂಪನಿ ಮಾರಿತು. ಕೈಗೆ ಬರುವ ಮೊದಲೇ ಹಂಚಿಕೊಂಡ ಲಾಭದ ಕಥೆ ಈ ಕ್ಷೇತ್ರದಲ್ಲಿ ಹೊಸದಲ್ಲ.

ಈಗಿನ ಅಂದಾಜುಗಳ ನಡುವಿನ ಅಂತರವನ್ನೇ ನೋಡಿ. ಪಠ್ಯ, ಚಿತ್ರಗಳನ್ನು ಸೃಷ್ಟಿಸುವ ಜನರೇಟಿವ್ ಎಐ ಹತ್ತು ವರ್ಷಗಳ ಅವಧಿಯಲ್ಲಿ ಜಗತ್ತಿನ ಒಟ್ಟು ಉತ್ಪನ್ನವನ್ನು ಶೇ 7ರಷ್ಟು ಏರಿಸಬಹುದು ಎಂದು ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ 2023ರಲ್ಲಿ ಹೇಳಿತು. ಹತ್ತು ವರ್ಷಗಳಲ್ಲಿ ಒಟ್ಟು ಉತ್ಪಾದಕತೆಯ ಏರಿಕೆ ಶೇ 0.66ನ್ನು ಮೀರಲಾರದು ಎಂದು ಅಮೆರಿಕದ ಆರ್ಥಿಕತೆಯನ್ನು ಆಧರಿಸಿ ಅರ್ಥಶಾಸ್ತ್ರಜ್ಞ ಡರಾನ್ ಅಸೆಮೊಗ್ಲು 2024ರಲ್ಲಿ ಲೆಕ್ಕ ಹಾಕಿದರು. ಇವೆರಡೂ ಅಳೆಯುವುದು ಒಂದೇ ವಸ್ತುವನ್ನಲ್ಲ. ಆದರೂ ಬಲ್ಲವರ ನಡುವೆಯೇ ಇಷ್ಟು ಅಂತರವಿದ್ದಾಗ, ನಿರೀಕ್ಷೆ ಈಡೇರಿಲ್ಲ ಎಂಬ ಮಾತಿಗೂ ಈಡೇರಿದೆ ಎಂಬ ಮಾತಿಗೂ ಆಧಾರ ತೆಳುವಾಗಿಯೇ ಇರುತ್ತದೆ.

ಪರೀಕ್ಷಕರು ಕೊಟ್ಟ ಅಧ್ಯಯನಕ್ಕೆ ಎದುರಾಗಿ ಇನ್ನೊಂದನ್ನು ಇಡುತ್ತೇನೆ. ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ, ಗ್ರಾಹಕ ಸಹಾಯ ಕೇಂದ್ರದ 5,000ಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸವನ್ನು ಪರಿಶೀಲಿಸಿದರು. ಎಐ ಸಲಹೆ ಸಿಕ್ಕಾಗ ಗಂಟೆಗೆ ಬಗೆಹರಿಸಿದ ದೂರುಗಳ ಸಂಖ್ಯೆ ಸರಾಸರಿ ಶೇ 14ರಷ್ಟು ಏರಿತು. ಹೊಸಬರಲ್ಲಿ ಆ ಏರಿಕೆ ಶೇ 34, ಹಳಬರಲ್ಲಿ ಹೆಚ್ಚೇನೂ ಬದಲಾವಣೆಯಿಲ್ಲ. ಅಂದರೆ ನುರಿತವರ ಅನುಭವವೇ ಸಾಧನದ ಮೂಲಕ ಹೊಸಬರಿಗೆ ಹರಿದುಬಂದಿದೆ. ನುರಿತವರಿಗೆ ಲಾಭವಾಗಲಿಲ್ಲ ಎಂಬ ಅಂಶದಲ್ಲಿ ಎರಡೂ ಅಧ್ಯಯನಗಳು ಒಂದೇ ಕಡೆ ನೋಡುತ್ತಿವೆ.

ಕಾಲದ ಪ್ರಶ್ನೆಯೂ ಇದೆ. ಕಂಪ್ಯೂಟರ್ ಯುಗ ಎಲ್ಲೆಡೆ ಕಾಣುತ್ತದೆ, ಉತ್ಪಾದಕತೆಯ ಅಂಕಿಅಂಶಗಳಲ್ಲಿ ಮಾತ್ರ ಕಾಣುವುದಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೊಲೊ 1987ರಲ್ಲಿ ಬರೆದರು. ಅದಕ್ಕೆ ಉತ್ತರವಾಗಿ ಪಾಲ್ ಡೇವಿಡ್ 1990ರಲ್ಲಿ ವಿದ್ಯುತ್ತಿನ ಇತಿಹಾಸವನ್ನು ಮುಂದಿಟ್ಟರು. 1880ರ ದಶಕದಲ್ಲೇ ವಿದ್ಯುತ್ ಸ್ಥಾವರಗಳು ಬಂದಿದ್ದರೂ, ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ. ಮೊದಮೊದಲು ಹಬೆಯಂತ್ರವನ್ನು ತೆಗೆದು ಅದರ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ಇಟ್ಟು, ಅದೇ ಹಳೆಯ ದಂಡ ಮತ್ತು ಪಟ್ಟಿಗಳಿಂದ ಯಂತ್ರಗಳನ್ನು ಓಡಿಸಿದರು. ಪ್ರತಿ ಯಂತ್ರಕ್ಕೂ ಅದರದೇ ಮೋಟಾರು ಬಂದು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಟ್ಟಡವನ್ನೇ ಹೊಸದಾಗಿ ಜೋಡಿಸಿದ ಮೇಲೆ ಲಾಭ ಕಂಡಿತು. ಹಳೆಯ ಕಡತದ ವ್ಯವಸ್ಥೆಗೆ ಚಾಟ್‌ಬಾಟ್ ಒಂದನ್ನು ಅಂಟಿಸಿ ಫಲಿತಾಂಶ ಕೇಳುವ ಇಂದಿನ ಸಂಸ್ಥೆಗಳು ಆ ಮೊದಲ ಹಂತದಲ್ಲಿಯೇ ಇವೆ ಎಂಬುದು ನನ್ನ ಅಭಿಪ್ರಾಯ.

ವಿಕಿರಣ ವಿಭಾಗದ ವೈದ್ಯೆ

ನಮ್ಮ ವೃತ್ತಿಗೆ ಮುಕ್ತಾಯದ ದಿನಾಂಕವನ್ನೇ ಬರೆದಿದ್ದರು. ವಿಕಿರಣ ತಜ್ಞರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷಗಳಲ್ಲಿ ಡೀಪ್ ಲರ್ನಿಂಗ್ ಎಂಬ ಎಐ ತಂತ್ರ ಅವರನ್ನು ಮೀರಿಸುತ್ತದೆ ಎಂದು ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. ಅವರ ವಿದ್ವತ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ, 2024ರ ಭೌತಶಾಸ್ತ್ರದ ನೊಬೆಲ್ ಅವರಿಗೆ ನ್ಯಾಯವಾಗಿಯೇ ಸಂದಿದೆ. ಆದರೆ ಆ ಗಡುವು ದಾಟಿ ವರ್ಷಗಳಾದರೂ ನಾವು ಕೆಲಸದಲ್ಲಿದ್ದೇವೆ, ತಜ್ಞರ ಕೊರತೆಯೇ ಬಹಳ ಕಡೆ ಸಮಸ್ಯೆಯಾಗಿದೆ. ಚಿತ್ರದಲ್ಲಿ ಗಂಟನ್ನು ಗುರುತಿಸುವುದು ನಮ್ಮ ಕೆಲಸದ ಒಂದು ಭಾಗ ಮಾತ್ರ. ಹಳೆಯ ಚಿತ್ರದೊಂದಿಗೆ ಹೋಲಿಸುವುದು, ರೋಗಿಯ ಪೂರ್ವೇತಿಹಾಸವನ್ನು ಓದುವುದು, ಶಸ್ತ್ರಚಿಕಿತ್ಸಕರೊಂದಿಗೆ ಚರ್ಚಿಸುವುದು ಆ ಭವಿಷ್ಯವಾಣಿಯ ಲೆಕ್ಕದಲ್ಲಿ ಇರಲಿಲ್ಲ.

ಹಾಗೆಂದು ಎಐ ಸೋತಿದೆ ಎಂದು ನಾನು ಹೇಳಲಾರೆ. ಸ್ವೀಡನ್ನಿನ ಮಸಾಯ್ ಪ್ರಯೋಗದ ಮೊದಲ ಫಲಿತಾಂಶ 2023ರಲ್ಲಿ ಬಂತು. 80,000ಕ್ಕೂ ಹೆಚ್ಚು ಮಹಿಳೆಯರ ಸ್ತನ ತಪಾಸಣೆಯಲ್ಲಿ, ಅರ್ಧದಷ್ಟು ಜನರ ಚಿತ್ರಗಳನ್ನು ರೂಢಿಯಂತೆ ಇಬ್ಬರು ತಜ್ಞರು ನೋಡಿದರು. ಉಳಿದವರ ಚಿತ್ರಗಳಿಗೆ ಎಐ 1ರಿಂದ 10ರವರೆಗೆ ಅಪಾಯದ ಅಂಕ ಕೊಟ್ಟಿತು. 10 ಬಂದವರದ್ದನ್ನು ಇಬ್ಬರೂ, ಮಿಕ್ಕವರದ್ದನ್ನು ಒಬ್ಬರೂ ನೋಡಿದರು. ಸಾವಿರಕ್ಕೆ 5.1ರ ಬದಲು 6.1 ಕ್ಯಾನ್ಸರ್‌ಗಳು ಪತ್ತೆಯಾದವು, ಚಿತ್ರ ಓದುವ ಹೊರೆ ಶೇ 44ರಷ್ಟು ಇಳಿಯಿತು. ಇಲ್ಲಿ ಸಾಧನ ತೀರ್ಮಾನ ಕೊಡಲಿಲ್ಲ, ಯಾವ ಚಿತ್ರದ ಮೇಲೆ ಹೆಚ್ಚು ಹೊತ್ತು ಕಣ್ಣಿಡಬೇಕೆಂದು ತೋರಿಸಿತು. ಪರೀಕ್ಷಕರ ವಾದವನ್ನು ನಾನು ಈ ರೀತಿ ತಿದ್ದಬಯಸುತ್ತೇನೆ: ತಪಾಸಣೆ ಸುಲಭವಾಗಿರುವ ಕಡೆ ಮಾತ್ರವಲ್ಲ, ತಪಾಸಣೆಯನ್ನೇ ಹಂಚಿಕೊಡುವ ಕೆಲಸಕ್ಕೆ ಎಐಯನ್ನು ಹಚ್ಚಿದ ಕಡೆಯೂ ಅದು ಫಲ ಕೊಟ್ಟಿದೆ.

ನನ್ನ ಭಯ ಬೇರೆ ಕಡೆ ಇದೆ. 2025ರಲ್ಲಿ ಪೋಲೆಂಡಿನಿಂದ ಬಂದ ವರದಿಯೊಂದರಲ್ಲಿ, ಕೊಲೊನೊಸ್ಕೋಪಿ (ಕ್ಯಾಮೆರಾ ಬಳಸಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಮಾಡುವ ನುರಿತ ವೈದ್ಯರು ಎಐ ಸಹಾಯವಿಲ್ಲದೆ ಮಾಡಿದ ಪರೀಕ್ಷೆಗಳನ್ನು ಗಮನಿಸಲಾಗಿತ್ತು. ಎಐ ಬಳಕೆಗೆ ಬರುವ ಮುನ್ನ ಅಂತಹ ಪರೀಕ್ಷೆಗಳಲ್ಲಿ ಶೇ 28.4ರಷ್ಟರಲ್ಲಿ ಅಡೆನೋಮಾ ಎಂಬ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳು ಪತ್ತೆಯಾಗಿದ್ದವು. ಎಐ ರೂಢಿಯಾದ ನಂತರ ಅದು ಶೇ 22.4ಕ್ಕೆ ಇಳಿದಿತ್ತು. ಅದು ವೀಕ್ಷಣೆಯ ಅಧ್ಯಯನ, ಬೇರೆ ಕಾರಣಗಳೂ ಇರಬಹುದು. ಆದರೆ ತಪಾಸಣೆ ಮಾಡುವ ಮನುಷ್ಯನನ್ನು ನಂಬಿ ಕಟ್ಟಿದ ವ್ಯವಸ್ಥೆಯಲ್ಲಿ ಆ ಮನುಷ್ಯನ ಕಣ್ಣೇ ಮಂದವಾದರೆ ಮಸಾಯ್‌ನಂತಹ ಫಲಿತಾಂಶ ಎಷ್ಟು ಕಾಲ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಾನು ಪಕ್ಕಕ್ಕೆ ಸರಿಸಲಾರೆ.

ಗಣಿತ ಹವ್ಯಾಸಿ

ಇಲ್ಲಿ ಎಲ್ಲರೂ ಇಂದಿನ ದೋಷಗಳನ್ನು ಶಾಶ್ವತ ಎಂಬಂತೆ ನೋಡುತ್ತಿದ್ದಾರೆ, ಅದಕ್ಕೆ ನನ್ನ ಆಕ್ಷೇಪವಿದೆ. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಲೆಕ್ಕಗಳಲ್ಲಿ ಗೂಗಲ್ ಡೀಪ್‌ಮೈಂಡ್‌ನ ವ್ಯವಸ್ಥೆ 2024ರಲ್ಲಿ 42ಕ್ಕೆ 28 ಅಂಕ ಪಡೆದು ಬೆಳ್ಳಿಯ ಮಟ್ಟದಲ್ಲಿತ್ತು. ಲೆಕ್ಕಗಳನ್ನು ಮನುಷ್ಯರು ಯಂತ್ರ ಪರಿಶೀಲಿಸಬಲ್ಲ ಔಪಚಾರಿಕ ಗಣಿತ ಭಾಷೆಗೆ ಬರೆದುಕೊಡಬೇಕಾಗಿತ್ತು, ಕೆಲವನ್ನು ಬಿಡಿಸಲು ದಿನಗಳೇ ಹಿಡಿದವು. ಒಂದೇ ವರ್ಷದ ನಂತರ, 2025ರಲ್ಲಿ, ಅದೇ ಸಂಸ್ಥೆಯ ಮಾದರಿ ಸಾಮಾನ್ಯ ಭಾಷೆಯಲ್ಲಿಯೇ, ಸ್ಪರ್ಧೆಯ ನಾಲ್ಕೂವರೆ ಗಂಟೆಯ ಮಿತಿಯೊಳಗೆ, ಆರರಲ್ಲಿ ಐದು ಲೆಕ್ಕಗಳನ್ನು ಬಿಡಿಸಿ 35 ಅಂಕಗಳೊಂದಿಗೆ ಚಿನ್ನದ ಮಟ್ಟಕ್ಕೆ ಏರಿತು. ಈ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ತೀರ್ಪೂ ಬರೆದ ಮರುದಿನವೇ ಹಳತಾಗುತ್ತದೆ.

ಇನ್ನೊಂದು ಮಾತು. ದಿನನಿತ್ಯದ ಬಳಕೆಯಲ್ಲಿ ಬಹುಪಾಲಿಗೆ ತಪಾಸಣೆಯ ಅಗತ್ಯವೇ ಇಲ್ಲ. ಪತ್ರದ ಕರಡು, ಅರ್ಥವಾಗದ ಅಧ್ಯಾಯಕ್ಕೆ ಇನ್ನೊಂದು ವಿವರಣೆ, ಕೇಳಲು ಸಂಕೋಚವಾಗುವ ಮೂಲಭೂತ ಪ್ರಶ್ನೆ, ಇವುಗಳಲ್ಲಿ ಸಿಗುವ ನೆರವನ್ನು ಯಾವ ಅಂಕಿಅಂಶವೂ ಹಿಡಿಯುವುದಿಲ್ಲ.

ಭಾಷಾ ತಂತ್ರಾಂಶ ಆಸಕ್ತ

ಗಣಿತ ಹವ್ಯಾಸಿಗಳು ಹೇಳಿದ ನೆರವು ಎಲ್ಲ ಭಾಷೆಯವರಿಗೂ ಒಂದೇ ಸಮನಾಗಿ ಸಿಗುತ್ತಿಲ್ಲ ಎಂಬುದನ್ನು ಸೇರಿಸಬೇಕು. ಮಾದರಿಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುತ್ತವೆ; ಯಾವ ತುಣುಕುಗಳು ಹೆಚ್ಚು ಬಾರಿ ಕಂಡಿವೆಯೋ ಅವು ಇಡಿಯಾಗಿ ಉಳಿಯುತ್ತವೆ, ಅಪರೂಪದವು ಪುಡಿಯಾಗುತ್ತವೆ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ದಾಖಲಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಒಂದು ಒತ್ತಕ್ಷರಕ್ಕೆ ಕಡಿಮೆಯೆಂದರೆ 9. ಅಂತರ್ಜಾಲದಲ್ಲಿ ಬರಹ ಕಡಿಮೆಯಿರುವ ಭಾಷೆಯ ವಾಕ್ಯವೊಂದು ಹೀಗೆ ಹೆಚ್ಚು ತುಣುಕುಗಳಾಗಿ ಒಡೆಯುತ್ತದೆ. ಶುಲ್ಕವನ್ನು ತುಣುಕುಗಳ ಲೆಕ್ಕದಲ್ಲಿ ವಿಧಿಸುವುದರಿಂದ ಅದೇ ವಿಷಯಕ್ಕೆ ಹೆಚ್ಚು ಹಣ, ಹೆಚ್ಚು ಸಮಯ. ಉತ್ತರದ ಗುಣಮಟ್ಟವೂ ಕಡಿಮೆ. ಹೊಸ ಮಾದರಿಗಳಲ್ಲಿ ಇದು ಸುಧಾರಿಸುತ್ತಿದೆ, ಆದರೆ ಅಂತರ ಮುಚ್ಚಿಲ್ಲ. ಕೃತಕ ಬುದ್ಧಿಮತ್ತೆ ನಿರೀಕ್ಷೆಯಂತೆ ಇದೆಯೇ ಎಂದು ಕೇಳುವಾಗ ಯಾವ ಭಾಷೆಯಲ್ಲಿ ಎಂಬುದನ್ನೂ ಕೇಳಲೇಬೇಕು.

ಅಧ್ಯಾಪಕ

ವೈದ್ಯೆಯವರ ಭಯವೇ ನನ್ನದೂ. ತರಗತಿಯಲ್ಲಿ ನನಗೆ ಸಲ್ಲಿಕೆಯಾಗುವ ಪ್ರಬಂಧಗಳು ಮೊದಲಿಗಿಂತ ಉತ್ತಮವಾಗಿವೆ, ಅದೇ ವಿಷಯದ ಮೇಲೆ ಎದುರಿಗೆ ಕೂರಿಸಿ ಕೇಳಿದರೆ ಉತ್ತರಗಳು ಮೊದಲಿಗಿಂತ ತೆಳುವಾಗಿವೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಹೇಳಿದಂತೆ ಹೊಸಬರಿಗೆ ಲಾಭ ಹೆಚ್ಚು ಎಂಬುದು ಆ ದಿನದ ಕೆಲಸದ ಮಟ್ಟಿಗೆ ನಿಜವಿರಬಹುದು. ಹತ್ತು ವರ್ಷದ ನಂತರ ಅವರು ನುರಿತವರಾಗುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ. ತಪ್ಪು ಮಾಡಿ, ಅದನ್ನು ತಾನೇ ಹುಡುಕಿ ತಿದ್ದಿದವನಿಗೆ ಮಾತ್ರ ಇನ್ನೊಬ್ಬರ ತಪ್ಪನ್ನು ಕಾಣುವ ಕಣ್ಣು ಬರುತ್ತದೆ. ಇಂದು ನೀವೆಲ್ಲರೂ ಮಾಡುತ್ತಿರುವ ತಪಾಸಣೆಯನ್ನು ನಾಳೆ ಮಾಡುವವರು ಯಾರು?

ತಂತ್ರಾಂಶ ಪರೀಕ್ಷಕ

ಬರೆದ ಎಲ್ಲರಿಗೂ ಕೃತಜ್ಞತೆಗಳು. ವೈದ್ಯೆಯವರ ತಿದ್ದುಪಡಿಯನ್ನು ಪೂರ್ಣವಾಗಿ ಒಪ್ಪುತ್ತೇನೆ. ಗಣಿತ ಹವ್ಯಾಸಿಗಳು ಹೇಳಿದ ಪ್ರಗತಿಯೂ ನಿಜ, ಆದರೆ ಒಲಿಂಪಿಯಾಡ್‌ನಲ್ಲಿ ಪ್ರತಿ ಉತ್ತರವನ್ನೂ ಹೆಜ್ಜೆ ಹೆಜ್ಜೆಯಾಗಿ ನೋಡಿ ಅಂಕ ಕೊಡುವ ಪರಿಣತರು ಇರುತ್ತಾರೆ ಎಂಬುದನ್ನು ಗಮನಕ್ಕೆ ತರುತ್ತೇನೆ. ಸಾಲದ ಕಂತಿನ ದಿನಾಂಕವನ್ನು ನೋಡುವ ಪರಿಣತರನ್ನು ಸಂಸ್ಥೆಗಳು ವೆಚ್ಚವೆಂದು ಭಾವಿಸಿ ಮೊದಲು ಕೈಬಿಡುತ್ತವೆ.

ಹೊಣೆಗಾರಿಕೆಯ ವಿಷಯ ಈವರೆಗೆ ಬಂದಿಲ್ಲವಾದ್ದರಿಂದ ಅದನ್ನು ಹೇಳುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯೊಂದು 2024ರ ಫೆಬ್ರವರಿಯಲ್ಲಿ ಏರ್ ಕೆನಡಾ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟಿತು. ಸಂಬಂಧಿಕರ ಸಾವಿನ ಸಂದರ್ಭದಲ್ಲಿ ಸಿಗುವ ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದು ಎಂದು ಸಂಸ್ಥೆಯ ಚಾಟ್‌ಬಾಟ್ ಪ್ರಯಾಣಿಕರೊಬ್ಬರಿಗೆ ತಪ್ಪಾಗಿ ಹೇಳಿತ್ತು. ಚಾಟ್‌ಬಾಟ್‌ನ ಮಾತಿಗೆ ತಾನು ಹೊಣೆಯಲ್ಲ ಎಂಬ ಸಂಸ್ಥೆಯ ವಾದವನ್ನು ಮಂಡಳಿ ತಳ್ಳಿಹಾಕಿ, ಪರಿಹಾರ ಕೊಡುವಂತೆ ಆದೇಶಿಸಿತು. ನನ್ನ ದೃಷ್ಟಿಯಲ್ಲಿ ಇದು ಸಾಧನಗಳ ಗುಣಮಟ್ಟವನ್ನು ಸುಧಾರಿಸುವ ಬಹಳ ಗಟ್ಟಿಯಾದ ದಾರಿ. ತಪ್ಪಿನ ಖರ್ಚು ಗ್ರಂಥಪಾಲಕಿಯವರ ಅರ್ಧ ದಿನದ ಮೇಲೆ ಬಿದ್ದರೆ ಯಾರಿಗೂ ಅವಸರವಿರುವುದಿಲ್ಲ. ಅದು ಮಾರಿದವರ ಮೇಲೆ, ಬಳಕೆಗೆ ಬಿಟ್ಟವರ ಮೇಲೆ ಬಿದ್ದರೆ ‘ಗೊತ್ತಿಲ್ಲ’ ಎನ್ನಲು ಸಾಧನಕ್ಕೆ ಕಲಿಸುವುದು ಬೇಗ ನಡೆಯುತ್ತದೆ.

ಅಧ್ಯಾಪಕರ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ನಮ್ಮ ತಂಡದಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ: ಕೋಡನ್ನು ಎಐ ಬರೆಯಬಹುದು, ಆದರೆ ಬರಬೇಕಾದ ಉತ್ತರಗಳನ್ನು ಅದಕ್ಕೆ ಮೊದಲೇ ತಂಡದ ಕಿರಿಯ ಸದಸ್ಯರು ಕೈಯಾರೆ ಲೆಕ್ಕ ಹಾಕಿ ಬರೆದಿಡಬೇಕು. ಇದರಿಂದ ಉಳಿದ ಸಮಯದ ಒಂದು ಪಾಲು ಮತ್ತೆ ಖರ್ಚಾಗುತ್ತದೆ ಎಂದು ಮೇಲಿನವರು ಗೊಣಗುತ್ತಾರೆ. ಆದರೂ ನಾವು ಅದನ್ನು ಬಿಟ್ಟಿಲ್ಲ.

ಗ್ರಂಥಪಾಲಕಿ

ಆ ನಿಯಮವನ್ನು ನಮ್ಮಲ್ಲೂ ಬೇರೆ ರೂಪದಲ್ಲಿ ತರಬಹುದು ಎಂದು ತೋರುತ್ತದೆ. ಉಲ್ಲೇಖದ ಪಟ್ಟಿಯನ್ನು ಎಲ್ಲಿಂದಲಾದರೂ ತರಲಿ, ಪ್ರತಿಯೊಂದು ಲೇಖನದ ಮೊದಲ ಪುಟವನ್ನು ತೆರೆದು ನೋಡಿದ ಮೇಲಷ್ಟೇ ಅದನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಲು ಆರಂಭಿಸುತ್ತೇನೆ. ಅಧ್ಯಾಪಕರು ತಮ್ಮ ಕಡೆಯಿಂದಲೂ ಇದನ್ನು ಕಡ್ಡಾಯಗೊಳಿಸಿದರೆ ಕೆಲಸ ಸುಲಭವಾಗುತ್ತದೆ.

ಅಧ್ಯಾಪಕ

ಖಂಡಿತ. ಮುಂದಿನ ಅವಧಿಯ ಪ್ರಬಂಧಗಳಿಗೆ ಇದನ್ನು ಸೇರಿಸುತ್ತೇನೆ; ಪ್ರತಿ ಉಲ್ಲೇಖದ ಜೊತೆಗೆ, ಆ ಲೇಖನದಲ್ಲಿ ತಾವು ಒಪ್ಪದ ಒಂದು ಮಾತು ಯಾವುದು ಎಂದು ಬರೆಯಲು ಹೇಳುವ ಯೋಚನೆಯೂ ಇದೆ. ಓದದೆ ಅದನ್ನು ಬರೆದವರು ಎದುರಿಗೆ ಕೂತಾಗ ತಿಳಿದೇ ತಿಳಿಯುತ್ತದೆ.